ಮಕ್ಕಳ ತಾಯಿಯ ಸಾಬೂನಿನ ಕಾಯಕ



ಮಠದ ಮಹೋತ್ಸವಗಳಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರ ಮೊದಲಾದ ಗಹನವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ರೂಢಿಯಾಗಿದೆ. ಅವುಗಳ ನಡುವೆ ಸಾಬೂನಿನ ಮಾತೇತಕ್ಕೆಂದು ಕೆಲವರಿಗೆ ನಗೆ ಬಂದರೂ ಬರಬಹುದು. ಆದರೆ ಬಸವಾದಿ ಪ್ರಮಥರ ಹೆಸರುಗಳನ್ನು ಒಂದು ಸಾರಿ ನೆನೆದುಕೊಂಡರೆ ಆ ನಗೆಯು ನಿಲ್ಲುವುದು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ: ಇವರೆಲ್ಲರ ಹೆಸರಿಗಿಂತ ಮುಂಚೆ ಇವರ ಕೆಲಸವು ನಿಂತಿದೆ. ಬಟ್ಟೆ ಒಗೆದವರು, ಹಗ್ಗ ಹೊಸೆದವರು, ಸೌದೆ ಹೊತ್ತವರು, ನೂಲು ತೆಗೆದವರು, ಭತ್ತ ಕುಟ್ಟಿದವರು ತಮ್ಮ ಕಸುಬನ್ನು ಮರೆಮಾಡಿ ಶರಣರಾದವರಲ್ಲ; ಅದರಲ್ಲಿಯೇ ನಿಂತು ಶರಣರಾದವರು. ಮಡಿವಾಳಯ್ಯನ ಕಾಯಕವನ್ನು ಪೂಜ್ಯವೆಂದು ಕೊಂಡಾಡುವವರು ಮೈ ತೊಳೆಯುವ ಬಿಲ್ಲೆಯನ್ನು ಮಾಡುವ ಗೃಹಿಣಿಯ ಕಾಯಕವನ್ನು ಹಗುರಾಗಿ ಕಾಣುವುದಕ್ಕೆ ನ್ಯಾಯವಿಲ್ಲ.

ಈಚಿನ ದಿನಗಳಲ್ಲಿ ಭಕ್ತರ ಮನೆಗಳ ಕೆಲವು ತಾಯಂದಿರು ಕೊಬ್ಬರಿ ಎಣ್ಣೆ, ಹೊಂಗೆ, ಬೇವು, ಹರಳೆಣ್ಣೆಗಳಿಂದ ಕೈಯಾರ ಸಾಬೂನು ಮಾಡಿ ನೆರೆಹೊರೆಯಲ್ಲಿಯೂ ಜಾತ್ರೆಯಲ್ಲಿಯೂ ಮಾರುತ್ತಿದ್ದಾರೆ. ಅವರ ಮಡಿಲಲ್ಲಿ ಹಾಲು ಕುಡಿಯುವ ಕೂಸು ಇರುವುದುಂಟು; ಸೆರಗು ಹಿಡಿದು ಮೂರು ವರ್ಷದ ಮಗು ನಿಂತಿರುವುದುಂಟು. “ಯಾತಕ್ಕೆ ತಾಯಿ ಈ ಉಸಾಬರಿ? ಮಕ್ಕಳನ್ನು ನೋಡಿಕೊಂಡಿದ್ದರೆ ಸಾಲದೇ?” ಎಂದು ಅತ್ತೆಯಾದವಳು ಕೇಳುವಳು. ಆ ಪ್ರಶ್ನೆಯನ್ನು ಕೆಟ್ಟ ಮನಸ್ಸಿನದೆಂದು ತಳ್ಳಿಹಾಕಲಾಗದು. ಇದು ಕಾಯಕವೋ ಕೇವಲ ಲಾಭದ ಆಸೆಯೋ, ಇದರಿಂದ ಮಗುವಿಗೆ ಕೇಡುಂಟೋ ಇಲ್ಲವೋ ಎಂಬುದು ವಿಚಾರಿಸತಕ್ಕ ಮಾತೇ ಸರಿ.

ಸಾಬೂನು ಪರದೇಶದ ವಸ್ತುವೆಂಬ ಭಾವನೆಯು ಹಿರಿಯರಲ್ಲಿ ಇನ್ನೂ ಇದೆ. ನಮ್ಮ ಹಳ್ಳಿಗಳಲ್ಲಿ ಮೈಗೆ ಸೀಗೆ, ಕಡಲೆಹಿಟ್ಟು, ಅಂಟುವಾಳದಕಾಯಿಗಳೂ ಬಟ್ಟೆಗೆ ಚೌಳುಮಣ್ಣೂ ಬೂದಿಯ ತಿಳಿನೀರೂ ಸಾಕಾಗಿದ್ದುವು. ಬೂದಿನೀರಿನಲ್ಲಿಯೂ ಚೌಳಿನಲ್ಲಿಯೂ ಇರುವುದು ಕ್ಷಾರವೇ. ಆ ಕ್ಷಾರವು ಎಣ್ಣೆಯೊಡನೆ ಕೂಡಿದರೆ ಸಾಬೂನು. ಆದುದರಿಂದ ಮೂಲವಸ್ತುವು ಇಲ್ಲಿಯವರಿಗೆ ಹೊಸತಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧದ ಮರವನ್ನು ಯೂರೋಪಿಗೆ ಕಳುಹಿಸುವುದು ನಿಂತುಹೋದಾಗ ಮೈಸೂರು ಸಂಸ್ಥಾನದವರು ತಾವೇ ಗಂಧದೆಣ್ಣೆಯನ್ನು ತೆಗೆಯಲು ಉಪಕ್ರಮಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆಯು ಹುಟ್ಟಿತು. ಎಸ್. ಜಿ. ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರು ಗಂಧದ ಸಾಬೂನಿನ ಹದವನ್ನು ಸಾಧಿಸಿದರು. ಅದು ದೊಡ್ಡ ಕಾರ್ಖಾನೆಯ ಚರಿತ್ರೆ. ಇಲ್ಲಿ ಪ್ರಸ್ತುತವಾದುದು ಅಡಿಗೆಮನೆಯ ಹಿಂದಣ ಒಂದು ಚಿಕ್ಕ ಕೋಣೆ, ಒಂದು ತಕ್ಕಡಿ, ಎರಡು ಉಕ್ಕಿನ ಪಾತ್ರೆ, ನಾಲ್ಕು ಮರದ ಅಚ್ಚು.

ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ಏಕೆಂದರೆ ಮಗುವಿನ ಕ್ಷೇಮವು ಇಲ್ಲಿಯೇ ಇದೆ. ಒಂದೊಂದು ಎಣ್ಣೆಗೆ ಬೇಕಾಗುವ ಕ್ಷಾರದ ಪ್ರಮಾಣವು ಬೇರೆ ಬೇರೆ. ಕೊಬ್ಬರಿ ಎಣ್ಣೆಯು ಹೆಚ್ಚು ಕೇಳುತ್ತದೆ, ಹರಳೆಣ್ಣೆಯು ಕಡಿಮೆ. ೬೦೦ ಗ್ರಾಂ ಕೊಬ್ಬರಿ ಎಣ್ಣೆ, ೩೦೦ ಗ್ರಾಂ ಕಡಲೇಕಾಯಿ ಎಣ್ಣೆ, ೧೦೦ ಗ್ರಾಂ ಹರಳೆಣ್ಣೆ ಕೂಡಿಸಿದರೆ, ಪೂರ್ತಿಯಾಗಿ ಸಾಬೂನಾಗುವುದಕ್ಕೆ ಸುಮಾರು ೧೬೩ ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಬಲ್ಲವರು ಅಷ್ಟನ್ನೂ ಹಾಕುವುದಿಲ್ಲ. ನೂರಕ್ಕೆ ಐದರಷ್ಟು ತಗ್ಗಿಸಿ ೧೫೫ ಗ್ರಾಂ ಹಾಕುವರು. ಆಗ ಸ್ವಲ್ಪ ಎಣ್ಣೆಯು ಮಿಕ್ಕು ಚರ್ಮಕ್ಕೆ ಮೃದುವಾಗುವುದು, ಕ್ಷಾರವು ಮಿಕ್ಕು ಮೈ ಸುಡುವ ಭಯವಿರದು. ಇದು ಕಣ್ಣಳತೆಯ ಕೆಲಸವಲ್ಲ. ಸಾರಿಗೆ ಉಪ್ಪು ಹಾಕುವಂತೆ ಚಿಟಿಕೆಯಲ್ಲಿ ಹಾಕುವವರು ಈ ಕಸುಬಿಗೆ ಕೈಯಿಡದಿರುವುದೇ ಲೇಸು.

ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ಯಬಾರದು. ಹೊಯ್ದರೆ ಅದು ಕುದಿದು ಮುಖಕ್ಕೆ ಸಿಡಿಯುವುದು. ಸರಿಯಾದ ಕ್ರಮದಲ್ಲಿ ಹಾಕಿದರೂ ಒಲೆಯಿಲ್ಲದೆಯೇ ನೀರು ಕೈ ಸುಡುವಷ್ಟು ಕಾಯುತ್ತದೆ, ಘಾಟು ಏಳುತ್ತದೆ. ಆದುದರಿಂದ ಕಿಟಕಿ ಬಾಗಿಲು ತೆರೆದಿರಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರವು ತಿಂದುಹಾಕುವುದರಿಂದ ಅದು ಸಲ್ಲದು. ಕ್ಷಾರದ ನೀರನ್ನು ಕುಡಿಯುವ ಚೊಂಬಿನಲ್ಲಿಯೋ ಲೋಟದಲ್ಲಿಯೋ ಒಂದು ಕ್ಷಣವಾದರೂ ಇಡಬಾರದು. ಅದು ನೋಡಲು ತಿಳಿನೀರಿನಂತೆಯೇ ಇರುತ್ತದೆ. ಬಾಯಾರಿದ ಮಗುವಿಗೆ ಭೇದ ತಿಳಿಯದು. ಮೈಮೇಲೆ ಬಿದ್ದರೆ ನಿಂಬೆಹುಳಿ, ಹುಣಿಸೆಹುಳಿ ಹಚ್ಚುತ್ತ ಕೂರದೆ ಬಟ್ಟೆ ಕಳಚಿ ಧಾರಾಳವಾಗಿ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು; ಕಣ್ಣಿಗೆ ಸಿಡಿದರೂ ಹಾಗೆಯೇ. ನುಂಗಿದ ಪಕ್ಷದಲ್ಲಿ ವಾಂತಿ ಮಾಡಿಸಲೇಬಾರದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುವುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೋಡಾದ ಡಬ್ಬಿಯು ಎತ್ತರದ ಗೂಡಿನಲ್ಲಿ ಬೀಗದೊಳಗೆ ಇರಬೇಕು, ಬೀಗದ ಕೈ ತಾಯಿಯ ಸೊಂಟದಲ್ಲಿರಬೇಕು. ಮಕ್ಕಳು ಎಚ್ಚರವಾಗಿದ್ದು ಮನೆಯಲ್ಲಿ ಎರಡನೆಯ ದೊಡ್ಡವರು ಇಲ್ಲದ ವೇಳೆಯಲ್ಲಿ ಈ ಭಾಗದ ಕೆಲಸಕ್ಕೆ ಕೈಹಾಕತಕ್ಕುದಲ್ಲ. ಇಷ್ಟನ್ನು ಪಾಲಿಸಲಾರದ ಮನೆಯಲ್ಲಿ ಸಾಬೂನು ಮಾಡುವುದೇ ಬೇಡ. ನೂಲು ಇದೆ, ಹಪ್ಪಳ ಇದೆ.

ಎಣ್ಣೆಯೂ ಕ್ಷಾರವೂ ಕೂಡಿ ದೋಸೆಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಹೊಯ್ದು, ಮರುದಿನ ಕೊಯ್ದು, ಗಾಳಿಯಾಡುವ ಹಲಗೆಯ ಮೇಲೆ ನಾಲ್ಕರಿಂದ ಆರು ವಾರ ಒಣಗಿಸಬೇಕು. ಒಂದು ಸಾರಿಗೆ ಮೇಲೆ ಹೇಳಿದ ಅಳತೆಯಿಂದ ಸುಮಾರು ೧೩ ಬಿಲ್ಲೆಗಳಾಗುವುವು. ಕಾಯುವುದೇ ಈ ಕಸುಬಿನ ದೊಡ್ಡ ಭಾಗ. ದೀಪಾವಳಿಯ ಅಭ್ಯಂಜನಕ್ಕೆ ಸಾಬೂನು ಬೇಕಾದರೆ ಗೌರೀಗಣೇಶನ ಹಬ್ಬ ಕಳೆದೊಡನೆಯೇ ಹೊಯ್ದಿರಬೇಕು. ಅಷ್ಟು ದಿನವೂ ಎಣ್ಣೆಗೆ ಹಾಕಿದ ದುಡ್ಡು ಹಲಗೆಯ ಮೇಲೆಯೇ ಕೂತಿರುತ್ತದೆ. ಆದರೆ ಮಕ್ಕಳ ತಾಯಿಗೆ ಇದೊಂದು ಅನುಕೂಲವೂ ಆಗಿದೆ. ಹಾಲು ಮಾರುವವಳು ದಿನಕ್ಕೆ ಎರಡು ಹೊತ್ತು ತಪ್ಪಿಸುವಂತಿಲ್ಲ. ಹೂ ಕಟ್ಟುವವಳ ಸರಕು ಸಂಜೆಗೆ ಬಾಡುವುದು. ಸಾಬೂನಾದರೋ ಮಗುವಿಗೆ ಜ್ವರ ಬಂದು ವಾರ ಕಳೆದರೂ ಹಲಗೆಯ ಮೇಲೆ ಇನ್ನಷ್ಟು ಗಟ್ಟಿಯಾಗುತ್ತ ಕಾದಿರುವುದು. ವಾರಕ್ಕೆ ಎರಡು ರಾತ್ರಿ, ಮಕ್ಕಳು ಮಲಗಿದ ಮೇಲೆ ಹೊಯ್ಯುವ ಕೆಲಸ. ಹಗಲು ಮಡಿಲಲ್ಲಿ ಕೂಸಿದ್ದರೂ ನಡೆಯತಕ್ಕುದು ಕಾಗದ ಸುತ್ತುವ ಕೆಲಸ, ಚೀಟಿ ಅಂಟಿಸುವ ಕೆಲಸ.

ಈಗ ಅತ್ತೆಯ ಪ್ರಶ್ನೆಗೆ ಬರೋಣ. ನುಲಿಯ ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬೀಳಲು, ಜಂಗಮಸೇವೆಯ ಕಾಯಕವನ್ನು ನಿಲ್ಲಿಸದೆ ಅದನ್ನು ಅಲ್ಲಿಯೇ ಬಿಟ್ಟು ನಡೆದನೆಂದೂ, ಕೊನೆಗೆ ಮಡಿವಾಳ ಮಾಚಯ್ಯನು ನಡುವೆ ನಿಂತು ಸಮಾಧಾನಪಡಿಸಿದನೆಂದೂ ಕಥೆಯಿದೆ. ಈ ಕಥೆಯನ್ನು ಅಡ್ಡಹಿಡಿದು, ಲಿಂಗಕ್ಕಿಂತಲೂ ಕಾಯಕವು ಮೇಲಾದರೆ ಅಳುವ ಕೂಸಿಗಿಂತಲೂ ಮೇಲಲ್ಲವೇ ಎಂದು ವಾದಿಸುವವರುಂಟು. ಅದು ಕುತರ್ಕ. ಚಂದಯ್ಯನ ಕಾಯಕವು ಜಂಗಮಕ್ಕಾಗಿ. ಬಿದ್ದ ಲಿಂಗವು ತಾನೇ ಹಿಂಬಾಲಿಸಿ ಬಂದಿತು. ತೊಟ್ಟಿಲ ಮಗುವು ಹಿಂಬಾಲಿಸಿ ಬರಲಾರದು. ಅದಲ್ಲದೆ ಭಕ್ತರ ಮನೆಯಲ್ಲಿ ಕೂಸಿಗೂ ಲಿಂಗಧಾರಣವಾಗಿರುತ್ತದೆ. ಲಿಂಗವಂತವಾದ ಆ ಕೂಸಿನ ಸೇವೆಯು ಕಾಯಕದಿಂದ ಹೊರಗಾದ ಬೇರೊಂದು ತೊಡಕಲ್ಲ. ಅದೂ ಕಾಯಕದ ಮೊದಲ ಪಾಲು.

ಇನ್ನು ಕೆಲವರು ಬಾಣಂತಿಯು ಮಾಡಿದ ವಸ್ತುವನ್ನು ಮುಟ್ಟಬಹುದೇ ಎಂದು ಪಿಸುಗುಟ್ಟುವುದುಂಟು. ಲಿಂಗಧಾರಿಗಳಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಪಂಚಸೂತಕಗಳಿಲ್ಲವೆಂದು ಶರಣರು ಸಾರಿ ಎಂಟು ಶತಮಾನಗಳು ಕಳೆದ ಮೇಲೂ ಇಂಥ ಮಾತು ಮಠದ ಶಿಷ್ಯರ ಬಾಯಲ್ಲಿ ಬರುವುದು ವಿಷಾದಕರ. ಹೆತ್ತವಳಿಗೆ ವಿಶ್ರಾಂತಿ ಬೇಕೆಂಬುದು ಸತ್ಯ, ಮೈಲಿಗೆಯೆಂಬುದು ಮಿಥ್ಯೆ. ಇವೆರಡನ್ನು ಕಲಸಬಾರದು.

ಆಸೆಯ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನೇ ಗುರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದನು. ಸತಿಯು ಅದನ್ನು ಒಳಗೆ ಸೇರಿಸದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದಳು. ಈ ಪ್ರಸಂಗವನ್ನು ಬಡತನದ ಹೊಗಳಿಕೆಯೆಂದು ತಿಳಿಯುವವರು ಬಹಳ ಮಂದಿ. ಅದು ಅಳತೆಯ ಪಾಠ. ಪೇಟೆಯ ವರ್ತಕನು ಬಂದು “ಹಬ್ಬಕ್ಕೆ ೫೦೦ ಬಿಲ್ಲೆ ಬೇಕು, ತಾಯಿ” ಎಂದಾಗ, ತೊಟ್ಟಿಲಿನ ಕೂಸನ್ನೂ ಶಾಲೆಗೆ ಹೋಗುವ ಮಗುವನ್ನೂ ನೋಡಿ, “ನೂರು ಕೊಡಬಲ್ಲೆ, ಸ್ವಾಮಿ, ಅದಕ್ಕಿಂತ ಆಗದು” ಎಂದು ಹೇಳುವುದಕ್ಕೆ ಲಕ್ಕಮ್ಮನ ಧೈರ್ಯವೇ ಬೇಕು. ಇನ್ನೊಂದು ಮಾತು: ಅಕ್ಕಿಯನ್ನು ಆಯ್ದು ತಂದವನು ಗಂಡ. ಸತಿಪತಿಗಳಿಬ್ಬರ ಕಾಯಕವೆಂದಮೇಲೆ ತೊಟ್ಟಿಲು ತೂಗುವುದೂ ಇಬ್ಬರದೇ. ಎಣ್ಣೆಯ ಡಬ್ಬ ಹೊತ್ತು ತಂದು ಹಾಕಿದ ಮಾತ್ರಕ್ಕೆ ಪತಿಯ ಪಾಲು ತೀರದು. ಹೊಯ್ಯುವ ರಾತ್ರಿ ಮಕ್ಕಳ ಬಳಿ ಮಲಗುವುದು ಅವನ ಕರ್ತವ್ಯ.

ಲೆಕ್ಕದ ಮಾತು ಕಿರಿದು, ಆದರೆ ಕಸುಬು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮಾರಿದ ದುಡ್ಡು ಸಾಸಿವೆ ಡಬ್ಬಿಗೆ ಬೀಳುತ್ತದೆ; ಅದರಿಂದಲೇ ತರಕಾರಿ, ಅದರಿಂದಲೇ ಬಳಪ; ಮುಂದಿನ ಎಣ್ಣೆಗೆ ಕೈ ಹಾಕಿದಾಗ ಸಾಸಿವೆ ಮಾತ್ರ ಉಳಿದಿರುತ್ತದೆ. ಕಸುಬಿನ ದುಡ್ಡಿಗೆ ಬೇರೆ ಡಬ್ಬಿ, ಬೇರೆ ಪುಸ್ತಕ ಅವಶ್ಯ. ಬೆಲೆ ಕಟ್ಟುವಾಗ ಎಣ್ಣೆ, ಸೋಡಾ, ಕಾಗದ ಇವನ್ನು ಬರೆದು, ತನ್ನ ಕೈಯ ಕೂಲಿಯನ್ನು ಬರೆಯದೆ ಬಿಡುವ ತಾಯಿಯು ವಿನಯವೆಂದು ಭಾವಿಸಿರಬಹುದು. ಅದು ವಿನಯವಲ್ಲ. ಕೂಲಿಯಿಲ್ಲದ ಕಾಯಕದಿಂದ ದಾಸೋಹಕ್ಕೆ ಏನು ಹುಟ್ಟೀತು?

ಸತ್ಯಶುದ್ಧತೆಯನ್ನು ಕುರಿತು ಎರಡು ವಿಷಯಗಳುಂಟು. ಅನೇಕ ಕಾರ್ಖಾನೆಗಳ ಸಾಬೂನಿಗೆ ಪ್ರಾಣಿಗಳ ಕೊಬ್ಬು ಸೇರುವುದು ಎಲ್ಲರೂ ಬಲ್ಲ ಸಂಗತಿ. ಭಕ್ತರು ಮನೆಯ ಸಾಬೂನನ್ನು ಹುಡುಕಿ ಬರುವುದು ಬಹುಮಟ್ಟಿಗೆ ಇದೇ ಕಾರಣದಿಂದ. ಆದುದರಿಂದ ಯಾವ ಎಣ್ಣೆಯೆಂಬುದನ್ನು ಚೀಟಿಯ ಮೇಲೆ ಇದ್ದುದನ್ನು ಇದ್ದಂತೆ ಬರೆಯಬೇಕು. ಒಂದು ತೊಟ್ಟು ಬೇವಿನೆಣ್ಣೆ ಹಾಕಿ ಬೇವಿನ ಸಾಬೂನೆಂದು ಮಾರುವುದೂ, ಕಜ್ಜಿ ಇಸಬುಗಳಿಗೆ ರಾಮಬಾಣವೆಂದು ಕೂಗುವುದೂ ಸುಳ್ಳಿನ ಕಾಯಕ. ಎರಡನೆಯದು ರಾಜಶಾಸನ. ೧೯೪೦ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಲ್ಲಿ ಸಾಬೂನಿಗೆ ಮೊದಲಿದ್ದ ವಿನಾಯಿತಿಯು ೧೯೮೨ರ ತಿದ್ದುಪಡಿಯಿಂದ ಹೋಯಿತು. ೨೦೨೦ರ ನಿಯಮಗಳೂ ಬಂದಿವೆ. ಮೈಗೆ ಹಚ್ಚುವ ಸಾಬೂನನ್ನು ಮಾರಾಟಕ್ಕಾಗಿ ಮಾಡುವವರು ಪರವಾನಗಿ ಪಡೆಯಬೇಕು. ಮನೆಯ ಕೋಣೆಗೆ ಇದು ಭಾರವೆಂಬುದು ನಿಜ; ನಾಲ್ಕೈದು ಮನೆಯ ತಾಯಂದಿರು ಕೂಡಿ ಒಂದೇ ಕಡೆ, ಮಕ್ಕಳಿಂದ ದೂರವಾದ ಒಂದು ಕೊಠಡಿಯಲ್ಲಿ, ಸರದಿಯ ಮೇಲೆ ಹೊಯ್ದರೆ ಪರವಾನಗಿಯ ಹೊರೆಯೂ ಹಂಚಿಹೋಗುವುದು, ಕ್ಷಾರದ ಭಯವೂ ತೊಟ್ಟಿಲಿನಿಂದ ದೂರವಾಗುವುದು. ಒಬ್ಬಳು ಹೊಯ್ಯುವಾಗ ಮತ್ತೊಬ್ಬಳು ಎಲ್ಲರ ಮಕ್ಕಳನ್ನು ನೋಡಿಕೊಳ್ಳಬಹುದು.

ಕೊಳ್ಳುವ ಭಕ್ತರಿಗೂ ಒಂದು ಬಿನ್ನಹವಿದೆ. ಜಾತ್ರೆಯಲ್ಲಿ ಪೇಟೆಯ ಅಂಗಡಿಯವನಿಗೆ ಕೇಳಿದಷ್ಟು ಕೊಟ್ಟು ಬರುವವರು, ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೂತ ತಾಯಿಯೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. “ನಮ್ಮವಳೇ ಅಲ್ಲವೇ, ಮುಂದಿನ ಹುಣ್ಣಿಮೆಗೆ ಕೊಟ್ಟರಾಯಿತು” ಎಂದು ಕಡ ಹೇಳಿ ಹೋಗುತ್ತಾರೆ. ಆ ಬಿಲ್ಲೆಯ ದುಡ್ಡು ಆಗಲೇ ಆರು ವಾರ ಹಲಗೆಯ ಮೇಲೆ ಕೂತು ಬಂದಿದೆ. ಮುಂದಿನ ಎಣ್ಣೆಯನ್ನು ಗಾಣದವನು ಹುಣ್ಣಿಮೆಯವರೆಗೆ ಕಡ ಕೊಡುವುದಿಲ್ಲ.