ಕತ್ತಲೆಕಾನಿನ ಕೆಸರಿನಲ್ಲಿ



ಮನೆಯಲ್ಲಿ ಪಲಾವು ಮಾಡುವ ದಿನ ಮಸಾಲೆ ಡಬ್ಬಿಯಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಕಿತ್ತಳೆ ಬಣ್ಣದ, ಒಣಗಿದ ಎಸಳಿನಂತಹ ಒಂದು ವಸ್ತು ಸಿಗುತ್ತದೆ. ಅದು ಜಾಪತ್ರೆ. ಹೆಸರಿನಲ್ಲಿ ಪತ್ರೆ ಇದ್ದರೂ ಅದು ಎಲೆಯಲ್ಲ, ಹೂವೂ ಅಲ್ಲ. ಜಾಯಿಕಾಯಿಯ ಬೀಜವನ್ನು ಬಲೆಯಂತೆ ಸುತ್ತಿಕೊಂಡಿರುವ ಹೊದಿಕೆ. ಜಾಯಿಕಾಯಿ ಮರದ ತವರು ಇಂಡೊನೇಷ್ಯದ ಬಾಂದಾ ದ್ವೀಪಗಳು. ಆದರೆ ಅದರ ದಾಯಾದಿಗಳು ನಮ್ಮ ಸಹ್ಯಾದ್ರಿಯ ಕಾಡಿನಲ್ಲೇ ಇವೆ. ಮಲೆನಾಡಿನವರು ಕಾಡಿನಿಂದ ತಂದು ಒಣಗಿಸಿ ಮಾರುವ ರಾಮಪತ್ರೆ ಅಂಥ ಒಂದು ದಾಯಾದಿ ಮರದ ಕೊಡುಗೆ.

ಈ ದಾಯಾದಿಗಳನ್ನು ಚಿತ್ರೀಕರಿಸಲು ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿಗೆ ಹೋಗಿತ್ತು. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರೆ ಸಿದ್ದಾಪುರ ತಾಲ್ಲೂಕಿನಲ್ಲಿ ಸಿಗುವ ಕಾಡು ಅದು. ಹೆಸರು ಸುಮ್ಮನೆ ಬಂದದ್ದಲ್ಲ. ನಡುಮಧ್ಯಾಹ್ನವೂ ಛಾಯಾಗ್ರಾಹಕರಿಗೆ ಬೆಳಕು ಸಾಲಲಿಲ್ಲ. ಹಳ್ಳದ ಬದಿಯ ಜೌಗು ನೆಲವನ್ನು ಅಲ್ಲಿಯವರು ಜಡ್ಡಿ ಎನ್ನುತ್ತಾರೆ. ಆ ಜಡ್ಡಿಯಲ್ಲಿ ಕ್ಯಾಮೆರಾ ನಿಲ್ಲಿಸಿದರೆ ಮುಕ್ಕಾಲಿಯ ಒಂದೊಂದು ಕಾಲೂ ಮೆಲ್ಲಗೆ ಕೆಸರಿಗೆ ಇಳಿಯುತ್ತಿತ್ತು. ಎತ್ತುವುದು, ಮತ್ತೊಂದು ಕಡೆ ಊರುವುದು, ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ನಡೆದೇ ಇತ್ತು. ಎಲ್ಲರ ದೃಷ್ಟಿಯೂ ಮರದ ತುದಿಯ ಮೇಲೆ. ದಾರಿ ತೋರಿಸಲು ಬಂದಿದ್ದ ಹಿರಿಯರು ಆಗ ಮೆತ್ತಗೆ ಹೇಳಿದರು: “ಸಾರ್, ಮೇಲೆ ನೋಡಿದ್ದು ಸಾಕು. ಸ್ವಲ್ಪ ಕಾಲಬುಡ ನೋಡಿ.” ನೋಡಿದೆ. ನನ್ನ ಬೂಟಿನ ಕೆಳಗೆ ಗೇಣುದ್ದದ ನಾಲ್ಕು ಸಸಿಗಳು ಮುರಿದು ಬಿದ್ದಿದ್ದವು.

ವಿಜ್ಞಾನ ಓದಿದವನು ನಾನು. ಆದರೂ ಮನಸ್ಸಿಗೆ ಮೊದಲು ಬಂದದ್ದು, ಇಷ್ಟು ದೊಡ್ಡ ಕಾಡಿನಲ್ಲಿ ನಾಲ್ಕು ಸಸಿಗೆ ಇಷ್ಟೇಕೆ ಬೇಸರ ಎಂಬ ಮಾತೇ. ಅವರ ಬೇಸರಕ್ಕೆ ಕಾರಣ ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನೆಲವನ್ನು ನೋಡೋಣ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಕಣಿವೆಯ ತಳದಲ್ಲಿ ನೀರು ಬಸಿದು ಹೋಗದೆ ನಿಲ್ಲುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಗಾಳಿಯಿಲ್ಲದಿದ್ದರೆ ಬೇರು ಉಸಿರಾಡುವಂತಿಲ್ಲ. ನಿಮ್ಮ ಮನೆಯ ಕುಂಡದ ಗಿಡಕ್ಕೆ ಅತಿಯಾಗಿ ನೀರು ಸುರಿದಾಗ ಬೇರು ಕೊಳೆಯುವುದು ಇದರಿಂದಲೇ. ಆದರೆ ಇಲ್ಲಿಯ ಜಾಯಿಕಾಯಿ ದಾಯಾದಿಗಳು ಉಪಾಯ ಕಂಡುಕೊಂಡಿವೆ. ಕೆಲವಕ್ಕೆ ಕಾಂಡದಿಂದ ಇಳಿದು ನಾಲ್ಕೂ ಕಡೆ ಊರಿಕೊಂಡ ಊರುಗೋಲು ಬೇರುಗಳು. ಇನ್ನು ಕೆಲವಕ್ಕೆ ಕೆಸರಿನಿಂದ ಮೇಲೆದ್ದು ಮಡಚಿ ಮತ್ತೆ ಕೆಸರಿಗೆ ಇಳಿಯುವ ಬೇರುಗಳು. ಮೊಣಕಾಲು ಮಡಚಿ ಕುಳಿತವರ ಸಾಲಿನಂತೆ ಕಾಣುತ್ತವೆ. ಕರಾವಳಿಯ ಕಾಂಡ್ಲಾ ಗಿಡಗಳಲ್ಲಿ ಇಂಥ ಬೇರನ್ನು ನೀವು ನೋಡಿರಬಹುದು. ಮೊಣಕಾಲು ಬೇರಿನ ಮರಕ್ಕೆ ಸಸ್ಯವಿಜ್ಞಾನಿಗಳು ಇಟ್ಟಿರುವ ಹೆಸರು ಜಿಮ್ನಕ್ರಾಂತೆರ ಕನಾರಿಕ. ಕನಾರಿಕ ಎಂದರೆ ಕೆನರಾದ್ದು, ನಮ್ಮ ಕನ್ನಡ ಜಿಲ್ಲೆಯದು.

ಜಾಯಿಕಾಯಿ ಕುಟುಂಬ ಹೂಬಿಡುವ ಸಸ್ಯಗಳಲ್ಲಿ ಬಹಳ ಹಳೆಯ ಕವಲು. ದಕ್ಷಿಣ ಅಮೆರಿಕ, ಆಫ್ರಿಕ, ಏಷ್ಯ, ಮೂರು ಖಂಡಗಳ ಉಷ್ಣವಲಯದ ಕಾಡುಗಳಲ್ಲೂ ಅದರ ಸದಸ್ಯರಿದ್ದಾರೆ. ಹಾಗಾದರೆ ನಮ್ಮ ಕಾಡಿನವು ಇಲ್ಲಿ ಮಾತ್ರ ಏಕೆ ಉಳಿದವು? ಇದಕ್ಕೆ ಉತ್ತರ ಹುಡುಕಲು ಕತ್ತಲೆಕಾನಿನಿಂದ ಸ್ವಲ್ಪ ಹೊರಗೆ ಬಂದು, ಪ್ರಭೇದಗಳು ಹುಟ್ಟುವ ಬಗೆಯನ್ನೇ ನೋಡಬೇಕು.

ಒಂದು ಜೀವಿಯ ಸಂತತಿ ಒಂದು ದೊಡ್ಡ ಪ್ರದೇಶದಲ್ಲಿ ಹರಡಿಕೊಂಡಿದೆ ಎನ್ನಿ. ನಡುವೆ ಒಂದು ತಡೆ ಬಂದು ಅದು ಎರಡು ಪಾಲಾಗುತ್ತದೆ. ಆ ಕಡೆಯವು ಈ ಕಡೆಯವುಗಳೊಡನೆ ಕೂಡುವಂತಿಲ್ಲ. ಎರಡೂ ಪಾಲಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಣ್ಣಪುಟ್ಟ ಬದಲಾವಣೆಗಳು ಬೇರೆಬೇರೆಯಾಗಿ ಸೇರುತ್ತ ಹೋಗುತ್ತವೆ. ಲಕ್ಷಾಂತರ ವರ್ಷಗಳ ಮೇಲೆ ತಡೆ ಹೋಗಿ ಅವು ಎದುರುಬದುರಾದರೂ ಒಂದನ್ನೊಂದು ಗುರುತಿಸುವುದಿಲ್ಲ, ಕೂಡಿ ಸಂತತಿ ಬೆಳೆಸುವುದಿಲ್ಲ. ಒಂದಿದ್ದ ಪ್ರಭೇದ ಎರಡಾಯಿತು. ಧಾರವಾಡದ ಕನ್ನಡ ಮತ್ತು ಮಂಗಳೂರಿನ ಕನ್ನಡ ಬೇರೆಯಾದ ಹಾಗೆ ಎಂದು ನಾನು ಒಮ್ಮೆ ಸ್ಟುಡಿಯೋದಲ್ಲಿ ಹೇಳಿದ್ದೆ. ಅವರಿಬ್ಬರಿಗೆ ಇಂದಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದಲ್ಲ ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು. ನಿಜವೇ. ಹೋಲಿಕೆ ಅರ್ಧ ದಾರಿಗೆ ಮಾತ್ರ ಬರುತ್ತದೆ.

ಸಹ್ಯಾದ್ರಿಯಲ್ಲಿ ಇಂಥ ತಡೆ ಬರಿಗಣ್ಣಿಗೇ ಕಾಣುತ್ತದೆ. ನೀಲಗಿರಿಗೂ ಆನೆಮಲೆಗೂ ನಡುವೆ ಬೆಟ್ಟದ ಸಾಲು ಸುಮಾರು 30-40 ಕಿಲೋಮೀಟರಿನಷ್ಟು ಅಗಲಕ್ಕೆ ಕಡಿದುಹೋಗಿದೆ. ಇದೇ ಪಾಲ್ಘಾಟ್ ಕಣಿವೆ. ಎತ್ತರದ ಶೋಲಾ ಕಾಡಿನ ತಂಪಿನಲ್ಲಿ ನೆಲದ ಹತ್ತಿರವೇ ಬದುಕುವ ಒಂದು ಪುಟ್ಟ ನೀಲಿ ಹಕ್ಕಿಗೆ ಈ ಬಿಸಿ ಬಯಲು ಸಮುದ್ರವಿದ್ದಂತೆ. ಕಣಿವೆಯ ಉತ್ತರಕ್ಕೆ, ನೀಲಗಿರಿಯಿಂದ ನಮ್ಮ ಬಾಬಾ ಬುಡನ್‌ಗಿರಿಯವರೆಗೆ, ಒಂದು ಪ್ರಭೇದ, ದಕ್ಷಿಣಕ್ಕೆ ಇನ್ನೊಂದು. 2017ರಲ್ಲಿ ವಿಜ್ಞಾನಿಗಳು ಇವಕ್ಕೆಂದೇ ಶೋಲಿಕೋಲ ಎಂಬ ಹೊಸ ಕುಲವನ್ನು ರಚಿಸಿದರು.

ಪೊದೆಗಪ್ಪೆಗಳ ಕತೆ ಇನ್ನೂ ಸ್ವಾರಸ್ಯದ್ದು. ಹೆಬ್ಬೆರಳ ಮೇಲೆ ಕೂರುವಷ್ಟು ಚಿಕ್ಕವು. ಇವುಗಳ ಬಾಳಿನಲ್ಲಿ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹಾಗಾಗಿ ಅವಕ್ಕೆ ಕೆರೆ ಬೇಡ. ಆದರೆ ಚರ್ಮ ಸದಾ ಒದ್ದೆಯಾಗಿರಬೇಕು. ಬೆಟ್ಟದಿಂದ ಬೆಟ್ಟಕ್ಕೆ ಒಣ ಕಣಿವೆ ದಾಟಿ ಹೋಗುವಂತಿಲ್ಲ. ಪರಿಣಾಮವಾಗಿ ಒಂದೊಂದು ಬೆಟ್ಟಸಾಲಿಗೂ ಬೇರೆ ಕಪ್ಪೆ. ಪಶ್ಚಿಮಘಟ್ಟಗಳಲ್ಲಿ ಈ ಒಂದು ಕುಲದಲ್ಲೇ 50ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಾಗಿವೆ. 2010ರಲ್ಲಿ ಈ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಹೆಸರಿನ ಮೊದಲಲ್ಲಿರುವ ‘ರಾವ್’ ಯಾರು ಗೊತ್ತೇ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಸಿ. ಆರ್. ನಾರಾಯಣರಾವ್.

ಎಲ್ಲವೂ ಇಲ್ಲೇ ಹೊಸದಾಗಿ ಕವಲೊಡೆದವಲ್ಲ. ಕೆಲವು ಬಹಳ ಹಳೆಯ ಕಾಲದಿಂದ ಉಳಿದುಬಂದವು. ಕೇರಳದ ಇಡುಕ್ಕಿಯಿಂದ 2003ರಲ್ಲಿ ಬೆಳಕಿಗೆ ಬಂದ, ನೆಲದೊಳಗೆ ಬದುಕುವ ನೇರಳೆ ಬಣ್ಣದ ಕಪ್ಪೆಯ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಲ್ಲಿ! ಭಾರತದ ಭೂಭಾಗ ದಕ್ಷಿಣದ ಮಹಾಖಂಡದಿಂದ ಕಳಚಿಕೊಂಡು ಉತ್ತರಕ್ಕೆ ಸರಿದು ಬಂದಾಗ ತನ್ನೊಡನೆ ಹೊತ್ತು ತಂದ ಸಾಮಾನದಲ್ಲಿ ಈ ಕಪ್ಪೆಯ ಪೂರ್ವಜರೂ ಇದ್ದರು. ಕಾಲಕ್ರಮದಲ್ಲಿ ಪರ್ಯಾಯ ದ್ವೀಪದ ಬಹುಭಾಗ ಒಣಗಿತು. ತೇವ ಬೇಡುವ ಜೀವಿಗಳು ಘಟ್ಟದ ಮಳೆಯ ಆಸರೆಗೆ ಸರಿದವು. ಘಟ್ಟದಲ್ಲೂ ಬೇಸಿಗೆಯಲ್ಲಿ ತೇವ ಆರದ ಜಾಗವೆಂದರೆ ಜಡ್ಡಿ.

ಈಗ ಕತ್ತಲೆಕಾನಿಗೆ ಮರಳೋಣ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗೇರುಕಾಯಿಯ ಕುಲಕ್ಕೆ ಸೇರಿದ ಒಂದು ಹೊಸ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಇಲ್ಲಿಯ ಜಡ್ಡಿಯಲ್ಲಿ ಗುರುತಿಸಿ, 2000ದಲ್ಲಿ ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. 2008ರಲ್ಲಿ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಕೇರಳದ ದಕ್ಷಿಣದ ಕಾಡುಗಳಿಂದ ತಿಳಿದಿದ್ದ, ಅಳಿವಿನಂಚಿನ ಒಂದು ನೇರಳೆ ಜಾತಿಯ ಮರ ಉತ್ತರ ಕನ್ನಡದಲ್ಲೂ ಇದೆ ಎಂದು ಪ್ರಕಟಿಸಿದರು. ನೂರಾರು ಕಿಲೋಮೀಟರ್ ಅಂತರದಲ್ಲಿ ಅದೇ ಮರ. ಹಿಂದೊಮ್ಮೆ ಇಂಥ ಕಾಡು ಸರಪಳಿಯಂತೆ ಉದ್ದಕ್ಕೂ ಇದ್ದಿರಬೇಕು ಎನ್ನಲು ಇದೊಂದು ಸುಳಿವು. ಕೊಂಡಿಗಳು ಕಳಚಿ ಅಲ್ಲೊಂದು ಇಲ್ಲೊಂದು ಉಳಿದಿವೆ.

ಇನ್ನು ಮರ ಹರಡುವುದು ಹೇಗೆ? ಜಾಯಿಕಾಯಿ ಬಳಗದ ಬೀಜ ದೊಡ್ಡದು, ಭಾರವಾದದ್ದು. ಗಾಳಿಗೆ ಹಾರದು. ತಾಯಿಮರದ ಬುಡದಲ್ಲೇ ಬಿದ್ದರೆ ನೆರಳು, ಹುಳ, ಪೈಪೋಟಿ. ಆದ್ದರಿಂದ ಮರ ಕೂಲಿ ಕೊಟ್ಟು ಕೆಲಸ ಮಾಡಿಸುತ್ತದೆ. ಕಾಯಿ ಬಿರಿದಾಗ ಒಳಗೆ ಕೆಂಪಗೆ ಹೊಳೆಯುವ ಪತ್ರೆಯೇ ಆ ಕೂಲಿ. ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್, ಇಡೀ ಬೀಜ ನುಂಗಿ ಹಾರುತ್ತದೆ. ಪತ್ರೆ ಕರಗಿದ ಮೇಲೆ ಬೀಜವನ್ನು ದೂರದಲ್ಲೆಲ್ಲೋ ಕಕ್ಕುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಬಾಯಿಯನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ. ದೊಡ್ಡ ಮಂಗಟ್ಟೆಯಲ್ಲಿ ಈ ಸೆರೆವಾಸ ಮೂರು ತಿಂಗಳಿಗೂ ಮಿಕ್ಕುತ್ತದೆ. ಅಷ್ಟು ದಿನವೂ ಗಂಡು ಹೊತ್ತು ತಂದದ್ದೇ ಊಟ. ಅಂದಮೇಲೆ ಹಕ್ಕಿಗೆ ದೊಡ್ಡ ಪೊಟರೆಯಿರುವ ಹಳೆಯ ಮರ ಬೇಕು, ತಿಂಗಳುಗಟ್ಟಲೆ ಹಣ್ಣು ಬೇಕು. ಮರಕ್ಕೆ ಹಕ್ಕಿ ಬೇಕು.

ಪತ್ರೆಗೆ ಇನ್ನೊಬ್ಬ ಗಿರಾಕಿ ಸಿಂಗಳೀಕ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮಂಗ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಇದರ ಬದುಕೆಲ್ಲ ಹೆಚ್ಚುಕಡಿಮೆ ಮರದ ಮೇಲೆಯೇ. ದಕ್ಷಿಣದ ಆನೆಮಲೆಯಲ್ಲಿ ಸಿಂಗಳೀಕದ ಮುಖ್ಯ ಆಹಾರ ಕುಲ್ಲೇನಿಯ ಎಂಬ ಮುಳ್ಳುಕಾಯಿಯ ಮರದಿಂದ ಬರುತ್ತದೆ. ನಮ್ಮ ಶಿರಸಿ-ಹೊನ್ನಾವರದ ಕಾಡಿನಲ್ಲಿ ಆ ಮರವೇ ಇಲ್ಲ. ಆದರೂ 30ಕ್ಕೂ ಹೆಚ್ಚು ಗುಂಪುಗಳು ಇಲ್ಲಿ ಇರುವುದು 2000ದ ನಂತರದ ಸಮೀಕ್ಷೆಗಳಲ್ಲಿ ತಿಳಿದುಬಂತು. ಆಲ, ಅತ್ತಿ ಜಾತಿಯ ಹಣ್ಣು, ಉಪ್ಪಾಗೆ, ರಾಮಪತ್ರೆಗಳೇ ಇಲ್ಲಿ ಅದಕ್ಕೆ ಆಧಾರ.

ಉಪ್ಪಾಗೆ ಎಂದೊಡನೆ ಮನುಷ್ಯರೂ ಚಿತ್ರಕ್ಕೆ ಬರುತ್ತಾರೆ. ಅದರ ಬೀಜದಿಂದ ತುಪ್ಪ ತೆಗೆಯುವುದು ಅಲ್ಲಿಯ ಹಳೆಯ ರೂಢಿ. ಒಣಗಿದ ಸಿಪ್ಪೆಗೆ ಹೊರದೇಶದಲ್ಲಿ ಬೇಡಿಕೆ ಬಂದಾಗ ಬೆಲೆ ಏರಿತು. ಬೆಲೆ ಏರಿದಾಗ ಹಣ್ಣಾಗುವವರೆಗೆ ಕಾಯುವವರು ಕಡಿಮೆಯಾದರು; ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಅವಸರ, ಕೊಂಬೆಗೇ ಕತ್ತಿ. ರಾಮಪತ್ರೆಯದೂ ಇದೇ ಪಾಡು. ಬಿರಿಯುವ ಮೊದಲೇ ಕಾಯಿ ಕಿತ್ತರೆ ಮಂಗಟ್ಟೆಗೂ ಇಲ್ಲ, ಮೊಳಕೆಗೂ ಇಲ್ಲ. ಬಡವರ ಸಂಪಾದನೆಯನ್ನು ಪಟ್ಟಣದಲ್ಲಿ ಕುಳಿತು ಬೈಯುವುದು ನನಗೆ ಸರಿಕಾಣದು. ಕಾಯಿ ಪೂರ್ತಿ ಬಲಿತ ಮೇಲೆ ಕೊಯ್ಯಬೇಕು, ಕೊಂಬೆ ಕಡಿಯಬಾರದು ಎಂಬ ಕಟ್ಟನ್ನು ಊರಿನವರೇ ಸೇರಿ ಮಾಡಿಕೊಂಡರೆ ಅವರಿಗೇ ಮುಂದಿನ ವರ್ಷದ ಫಸಲು.

ಜಡ್ಡಿಗೆ ಇನ್ನೂ ದೊಡ್ಡ ಅಪಾಯ ಒಂದು ಬಸಿಗಾಲುವೆಯಿಂದ ಬರುತ್ತದೆ. ಕಣಿವೆಯ ತಳದ ಈ ನೆಲ ಅಡಿಕೆ ತೋಟಕ್ಕೂ ಗದ್ದೆಗೂ ಬಲು ಒಳ್ಳೆಯದು. ಕಾಲುವೆ ತೋಡಿ ನೀರು ಹೊರಗೆ ಬಿಟ್ಟರೆ ಒಂದು ಮರವನ್ನೂ ಕಡಿಯಬೇಕಿಲ್ಲ; ಜಡ್ಡಿ ತಾನೇ ಸಾಯುತ್ತದೆ. ಬೇಸಿಗೆಯಲ್ಲೂ ಕೆಳಗಿನ ತೋಟಗಳಿಗೆ ಹಳ್ಳದ ನೀರು ಹರಿಯುವುದು ಮೇಲಿನ ಜಡ್ಡಿ ಸ್ಪಂಜಿನಂತೆ ಹಿಡಿದಿಟ್ಟುಕೊಂಡದ್ದರಿಂದ ಎಂಬುದು ಆಮೇಲೆ ನೆನಪಾಗುತ್ತದೆ.

ಸರ್ಕಾರ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿಸಿ ಸಿಂಗಳೀಕದ ಹೆಸರಿನಲ್ಲೇ ದೊಡ್ಡ ಅಭಯಾರಣ್ಯ ಮಾಡಿತು. ನಾಡಿಗೆ ಮೆಚ್ಚುಗೆಯಾಗುವುದು ಕೇಸರವಿರುವ ಮಂಗ, ಕೆಸರಲ್ಲ. ಆದರೆ ಮಂಗನ ಹೆಸರಿನ ಗಡಿಯೊಳಗೆ ಕೆಸರಿಗೂ ರಕ್ಷಣೆ ಸಿಕ್ಕಿತು; ಇದು ಜಾಣತನದ ಕೆಲಸವೆಂದೇ ನನ್ನ ಅಭಿಪ್ರಾಯ. ಶಿರಸಿಯ ಅರಣ್ಯ ಕಾಲೇಜಿನವರು ಜಡ್ಡಿಯ ಅಪರೂಪದ ಮರಗಳ ಸಸಿ ಎಬ್ಬಿಸಿ ಮತ್ತೆ ಕಾಡಿನಲ್ಲಿ ನೆಡಿಸಿದ್ದಾರೆ.

ಭತ್ತ, ರಾಗಿಯಂತೆ ಈ ಬೀಜಗಳನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿ ಇಡುವಂತಿಲ್ಲ. ಒಣಗಿದರೆ ಸಾಯುತ್ತವೆ. ಬಿದ್ದ ಬೀಜ ಬೇಗನೆ ತೇವದಲ್ಲಿ ಮೊಳೆಯಬೇಕು, ಇಲ್ಲವೇ ಇಲ್ಲ. ಸಾಲದ್ದಕ್ಕೆ ಈ ಬಳಗದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಜಡ್ಡಿಯಲ್ಲಿ ಹತ್ತೇ ಮರ ಉಳಿದು ಅದರಲ್ಲಿ ಹೆಚ್ಚಿನವು ಗಂಡಾದರೆ ಕಾಯಿ ಎಲ್ಲಿಂದ ಬರಬೇಕು? ಅಂದರೆ ಆ ನಾಲ್ಕು ಸಸಿಗಳ ಹಿಂದೆ ಏನೇನಿತ್ತು ನೋಡಿ: ಹತ್ತಿರದಲ್ಲಿ ಗಂಡು ಮರವಿದ್ದ ಒಂದು ಹೆಣ್ಣು ಮರ, ಹೂವಿಂದ ಹೂವಿಗೆ ಪರಾಗ ಒಯ್ದ ಸಣ್ಣ ಕೀಟಗಳು, ಬಲಿಯುವವರೆಗೆ ಯಾರೂ ಕೀಳದೆ ಬಿಟ್ಟ ಕಾಯಿ, ಅದನ್ನು ನುಂಗಿದ ಹಕ್ಕಿ, ಅದು ಒಣ ದಿಬ್ಬದ ಮೇಲಲ್ಲದೆ ಜಡ್ಡಿಯಲ್ಲೇ ಕಕ್ಕಿದ ಅದೃಷ್ಟ, ಆ ವರ್ಷ ಆರದ ನೀರು. ಇಷ್ಟೆಲ್ಲ ಕೂಡಿಬಂದ ಮೇಲೆ ನನ್ನ ಬೂಟು.

ಅಂದು ಸಂಜೆ ಹೊರಡುವಾಗ ಆ ಹಿರಿಯರು ಮುಂದೆ ನಡೆದರು. ಬರುವಾಗ ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗುರುತುಗಳಲ್ಲಿ ನೀರು ತುಂಬಿತ್ತು. ಅವುಗಳ ಮೇಲೆಯೇ ಕಾಲಿಡಿ, ಹೊಸ ಜಾಗ ತುಳಿಯಬೇಡಿ ಎಂದರು. ನಾವು ಐದು ಜನ ಸಾಮಾನು ಹೊತ್ತು ಒಬ್ಬರ ಹಿಂದೆ ಒಬ್ಬರು ಹಾಗೆಯೇ ಬಂದೆವು. ತಲೆಯ ಮೇಲೆ ಒಂದು ಮಂಗಟ್ಟೆ ಉಗಿಬಂಡಿಯಂತೆ ರೆಕ್ಕೆಯ ಸದ್ದು ಮಾಡುತ್ತ ಹಾದುಹೋಯಿತು, ಕ್ಯಾಮೆರಾ ಪೆಟ್ಟಿಗೆಯಲ್ಲಿತ್ತು. ಕಾರ್ಯಕ್ರಮದಲ್ಲಿ ಮುರಿದ ಸಸಿಗಳ ಒಂದು ಸಮೀಪ ಚಿತ್ರವನ್ನೂ ಸೇರಿಸಿದೆ. ಎಂಟು ಸೆಕೆಂಡಿನದು, ಅದಕ್ಕೆ ಸಂಗೀತ ಹಾಕಲಿಲ್ಲ.