ಮದ್ಯ ಬಿಡಲು ಹೊರಟವನನ್ನು ಒಂಟಿಯಾಗಿಸಬೇಡಿ

(ಮಹಲ್ಲ್ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮದ್ಯ ಹರಾಮ್ ಎಂಬುದನ್ನು ಈ ಸಭೆಯಲ್ಲಿ ಸಾಬೀತುಪಡಿಸುವ ಅಗತ್ಯವಿಲ್ಲ. ಮದ್ರಸಕ್ಕೆ ಹೋಗುವ ಪುಟ್ಟ ಮಗುವಿಗೂ ಅದು ತಿಳಿದಿದೆ. ನಮ್ಮ ಮುಂದಿರುವ ಪ್ರಶ್ನೆ ಬೇರೆಯದು. ಹರಾಮ್ ಎಂದು ಬಲ್ಲವನೂ ಬಿಡಬೇಕೆಂದು ಹಂಬಲಿಸುವವನೂ ಆಗಿದ್ದು, ಬಿಡಲಾಗದೆ ಸೋಲುತ್ತಿರುವ ಸಹೋದರನು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಅಂಥವರಿಲ್ಲ ಎಂಬ ಉತ್ತರ ಸುಲಭ. ಆದರೆ ಆ ಉತ್ತರದ ಹಿಂದೆ ಎಷ್ಟು ಮನೆಗಳ ಕಣ್ಣೀರು ಅಡಗಿದೆಯೆಂಬುದನ್ನು ಅಲ್ಲಾಹನೇ ಬಲ್ಲನು. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆಗಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿದ್ದರು.

ಸರಕಾರದ ಹೊಣೆಯನ್ನೂ ಇಲ್ಲಿ ಹೇಳಲೇಬೇಕು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ನಿರ್ದೇಶಿಸುತ್ತದೆ. ಕರ್ನಾಟಕವು 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಸರಕಾರಿ ಸಂಸ್ಥೆಯೇ ಮದ್ಯದಂಗಡಿ ನಡೆಸುತ್ತಿದೆ. ಬೊಕ್ಕಸಕ್ಕೆ ಬರುವ ಅಬಕಾರಿ ತೆರಿಗೆಯ ಲೆಕ್ಕ ಎಲ್ಲರ ಬಳಿಯಿದೆ. ಬೀದಿಗೆ ಬಿದ್ದ ಮನೆಗಳ ಲೆಕ್ಕ ಇಟ್ಟವರಾರು?

ಸಹೋದರರೇ, ಮದೀನಾ ಮದ್ಯವನ್ನು ಹೇಗೆ ತೊರೆಯಿತೆಂಬುದನ್ನು ನೆನಪಿಸಿಕೊಳ್ಳಿ. ಅಲ್‌ಬಕರ, ಅನ್ನಿಸಾ, ಕೊನೆಗೆ ಅಲ್‌ಮಾಇದ ಅಧ್ಯಾಯಗಳ ಸೂಕ್ತಗಳ ಮೂಲಕ ಹಂತ ಹಂತವಾಗಿ ಮನಸ್ಸುಗಳು ಸಜ್ಜುಗೊಂಡವು. ಅಂತಿಮ ಆಜ್ಞೆ ಬಂದಾಗ ಊರಿನ ಬೀದಿಗಳಲ್ಲಿ ಮದ್ಯ ಹರಿಯಿತು. ಅಲ್ಲಿ ಒಂದು ಸಮಾಜವೇ ಒಟ್ಟಾಗಿ ಬಿಟ್ಟಿತು. ನಾವಾದರೋ ಒಬ್ಬನನ್ನು ಸಮಾಜದಿಂದ ದೂರವಿಟ್ಟು, ಒಂಟಿಯಾಗಿ ಬಿಡು ಎನ್ನುತ್ತಿದ್ದೇವೆ. ಮತ್ತೆ ಮತ್ತೆ ಕುಡಿದು ಶಿಕ್ಷೆಗೊಳಗಾದ ವ್ಯಕ್ತಿಯನ್ನು ಜನರು ಶಪಿಸಿದಾಗ ಪ್ರವಾದಿ(ಸ) ತಡೆದರು. ಸಹೋದರನ ವಿರುದ್ಧ ಸೈತಾನನಿಗೆ ನೆರವಾಗಬಾರದೆಂದು ಎಚ್ಚರಿಸಿದ ವಿಷಯ ಸಹೀಹ್ ಬುಖಾರಿಯಲ್ಲಿದೆ. ಶಿಕ್ಷೆಯನ್ನು ಅವರು ರದ್ದುಪಡಿಸಲಿಲ್ಲ, ಸಹೋದರತ್ವವನ್ನೂ ಕಡಿಯಲಿಲ್ಲ.

ಹಾಗಾದರೆ ದಾರಿ ಯಾವುದು? ಮೊದಲ ದಾರಿ ವೈದ್ಯರದು. ವರ್ಷಗಟ್ಟಲೆ ವಿಪರೀತ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ನಡುಕ, ಅಪಸ್ಮಾರ, ಭ್ರಮೆ ಕಾಣಿಸಿಕೊಳ್ಳಬಹುದು. ಪ್ರಾಣಕ್ಕೂ ಅಪಾಯವಿದೆ. ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಬೇಕು.

ಎರಡನೆಯದು ಸಂಗಾತಿಗಳ ದಾರಿ. ಔಷಧಿ ದೇಹದ ನಡುಕವನ್ನು ನಿಲ್ಲಿಸುತ್ತದೆ. ಆದರೆ ಸಂಜೆ ಆರು ಗಂಟೆಗೆ ಕಾಲು ಹಳೆಯ ದಾರಿ ಹಿಡಿದಾಗ ಕೈಹಿಡಿಯುವವರು ಬೇಕು. 1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ ಇಬ್ಬರು ಮದ್ಯವ್ಯಸನಿಗಳು ಪರಸ್ಪರ ನೆರವಾಗಿ ಕಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಇಂದು ನಮ್ಮ ರಾಜ್ಯದ ನಗರಗಳಲ್ಲೂ ಇದೆ. ಅಲ್ಲಿ ಶುಲ್ಕವಿಲ್ಲ. ಹೆಸರು ಹೊರಗೆ ಹೋಗದು. ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಮನೆಯವರಿಗಾಗಿ ‘ಅಲ್-ಅನಾನ್’ ಎಂಬ ಪ್ರತ್ಯೇಕ ಕೂಟವಿದೆ. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರಿಗೆ ನವಜೀವನ ಸಮಿತಿಗಳಿವೆ.

ನಿಮ್ಮ ಊರಿನ ಸಭೆ ಎಲ್ಲಿ, ಯಾವ ವಾರ, ಯಾವ ಭಾಷೆಯಲ್ಲಿ ನಡೆಯುತ್ತದೆಂದು ವ್ಯಸನಮುಕ್ತಿ ಕೇಂದ್ರದಲ್ಲಿ ವಿಚಾರಿಸಿರಿ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕಾಗಿ ಟೆಲಿ ಮನಸ್ 14416. ಎರಡೂ ಉಚಿತ. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿರಿ. ಮೊದಲ ದಿನವೇ ತೀರ್ಪು ನೀಡಬೇಡಿರಿ. ಆದರೆ ಹೊಡೆಯುವ, ಸರಪಳಿ ಬಿಗಿಯುವ ‘ಕೇಂದ್ರ’ಗಳಿಂದ ದೂರವಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ವ್ಯಸನಿಗೂ ಕ್ರೌರ್ಯದಿಂದ ರಕ್ಷಣೆ ನೀಡಿದೆ.

ಕೆಲವು ಸಭೆಗಳು ಚರ್ಚಿನ ಸಭಾಂಗಣದಲ್ಲಿ ನಡೆಯುತ್ತವೆ, ಈಮಾನಿಗೆ ಧಕ್ಕೆಯಾಗದೇ ಎಂದು ಕೇಳುವವರಿದ್ದಾರೆ. ಆ ಕೂಟ ಯಾವ ಧರ್ಮಕ್ಕೂ ಸೇರಿದ್ದಲ್ಲ. ತಾನು ಅರಿತ ದೇವನಲ್ಲಿ ಭರವಸೆಯಿಡಲು ಅದು ಹೇಳುತ್ತದೆ. ಮುಸ್ಲಿಮನು ಅಲ್ಲಿಯೂ ಅಲ್ಲಾಹನಲ್ಲಿಯೇ ಭರವಸೆಯಿಡಬಹುದು, ತನ್ನದೇ ದುಆ ಮಾಡಬಹುದು. ಅಮೆರಿಕದ ಮುಸ್ಲಿಮರು 1989ರಲ್ಲಿ ಬಾಲ್ಟಿಮೋರ್‌ನಲ್ಲಿ ಅದೇ ಮಾದರಿಯನ್ನು ಇಸ್ಲಾಮೀ ನೆಲೆಯಲ್ಲಿ ರೂಪಿಸಿ ‘ಮಿಲ್ಲತಿ ಇಸ್ಲಾಮಿ’ ಎಂಬ ಕೂಟ ಕಟ್ಟಿದರು. ನಾವೇಕೆ ಕಟ್ಟಬಾರದು?

ಆದುದರಿಂದ ಜಮಾಅತಿನ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಸಹಾಯವಾಣಿಯ ಸಂಖ್ಯೆಗಳನ್ನು ಮಸೀದಿಯ ಸೂಚನಾ ಫಲಕದಲ್ಲಿ ಹಾಕಿರಿ. ಗುಟ್ಟು ಕಾಯಬಲ್ಲ ಒಬ್ಬ ಸಹೋದರನನ್ನೂ ಒಬ್ಬ ಸಹೋದರಿಯನ್ನೂ ಈ ಕೆಲಸಕ್ಕೆ ನೇಮಿಸಿರಿ, ನೊಂದ ಪತ್ನಿಗೆ ಹೇಳಿಕೊಳ್ಳಲು ಒಂದು ಬಾಗಿಲು ತೆರೆದಿರಲಿ. ಮದ್ರಸದ ಒಂದು ಕೋಣೆಯನ್ನು ವಾರಕ್ಕೊಮ್ಮೆ ಇಶಾದ ಬಳಿಕ ಇಂಥ ಕೂಟಕ್ಕೆ ಬಿಟ್ಟುಕೊಡಿರಿ. ಅಲ್ಲಿಗೆ ಯಾರು ಬಂದರೆಂದು ಯಾರೂ ಇಣುಕದಿರಲಿ.

ತೌಬದ ಬಾಗಿಲನ್ನು ಅಲ್ಲಾಹನು ಮುಚ್ಚಿಲ್ಲ. ಮಹಲ್ಲಿನ ಬಾಗಿಲನ್ನು ಮುಚ್ಚಲು ನಾವು ಯಾರು? ಮರಳಿ ಬರುವವನಿಗೆ ಸಫ್ಫಿನಲ್ಲಿ ಜಾಗ ಬಿಡುವ ಹೃದಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.