ಎದೆಯೊಳಗೊಂದು ಸೆಲ್ಲು

ಟಾರ್ಚಿನ ಬೆಳಕು ಮಂಕಾದರೆ ನಾವು ಮಾಡುವುದೇನು? ಮೊದಲು ಅಂಗೈಗೆ ಎರಡು ಸಲ ತಟ್ಟುತ್ತೇವೆ. ಅದಕ್ಕೂ ಬಗ್ಗದಿದ್ದರೆ ಹಿಂದಿನ ಮುಚ್ಚಳ ತಿರುಗಿಸಿ ಸೆಲ್ಲುಗಳನ್ನು ಹಿಂದುಮುಂದು ಮಾಡುತ್ತೇವೆ, ಬಿಸಿಲಿಗಿಟ್ಟು ನೋಡುತ್ತೇವೆ, ಕೊನೆಗೆ ಬೇರೆ ದಾರಿಯಿಲ್ಲದೆ ಅಂಗಡಿಗೆ ಹೋಗಿ ಹೊಸ ಜೋಡಿ ತರುತ್ತೇವೆ. ಮರೆತು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೆಲ್ಲು ಒಸರಿ ಸ್ಪ್ರಿಂಗಿಗೆ ಕಿಲುಬು ಹತ್ತುತ್ತದೆ. ಇದೆಲ್ಲ ನಿಮಗೆ ಗೊತ್ತಿರುವ ಸಂಗತಿಯೆ. ಈಗ ಅಂಥ ಸೆಲ್ಲೊಂದನ್ನು ಮನುಷ್ಯನ ಎದೆಯ ಚರ್ಮದ ಕೆಳಗೆ ಇಟ್ಟು ಹೊಲಿದಿದೆ ಎಂದು ಭಾವಿಸಿ. ಅದನ್ನು ತಟ್ಟಿ ನೋಡುವಂತಿಲ್ಲ. ಅದು ಒಸರುವಂತಿಲ್ಲ. ಬದಲಾಯಿಸಬೇಕಾದರೆ ಶಸ್ತ್ರಚಿಕಿತ್ಸೆಯೇ ಆಗಬೇಕು. ಹೇಳದೆ ಕೇಳದೆ ಒಂದು ರಾತ್ರಿ ಅದು ಮುಗಿದುಹೋದರೆ ಮನುಷ್ಯನೂ ಅದರ ಜೊತೆಗೇ ಮುಗಿದಾನು.

ಇಂಥ ಸೆಲ್ಲನ್ನು ಹೊತ್ತುಕೊಂಡು ಸಂತೆಗೆ, ಮದುವೆಗೆ, ಆಫೀಸಿಗೆ ಓಡಾಡುವವರು ಇಂದು ನಮ್ಮ ನಡುವೆಯೇ ಇದ್ದಾರೆ. ನಿಮ್ಮ ಮನೆಯ ತಾತನವರಿರಬಹುದು, ಸೋದರತ್ತೆಯಿರಬಹುದು. ಆ ಉಪಕರಣಕ್ಕೆ ‘ಹೃದಯಗತಿ ನಿಯಾಮಕ’ ಎಂದು ಹೆಸರಿಡಬಹುದು. ಆದರೆ ಜನ ಅದನ್ನು ಪೇಸ್‌ಮೇಕರ್ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಹೃದಯ ನಿಮಿಷಕ್ಕೆ 72 ಸಲ ಬಡಿದರೆ ದಿನಕ್ಕೆ ಒಂದು ಲಕ್ಷ ಬಡಿತ ದಾಟುತ್ತದೆ. ಈ ಬಡಿತದ ಅಪ್ಪಣೆ ಹೊರಡುವುದು ಮಿದುಳಿನಿಂದಲ್ಲ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಚಿಕ್ಕ ಮಾಂಸದ ಗಂಟು ಉಂಟು. 1907ರಲ್ಲಿ ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು ಅದನ್ನು ಗುರುತಿಸಿದರು. ಈ ಗಂಟು ತನ್ನಷ್ಟಕ್ಕೆ ತಾನೇ ವಿದ್ಯುತ್ತಿನ ಸಣ್ಣ ಮಿಡಿತಗಳನ್ನು ಹೊರಡಿಸುತ್ತದೆ. ಆ ಮಿಡಿತ ನಿಶ್ಚಿತವಾದ ಹಾದಿಯಲ್ಲಿ ಕೆಳಗಿನ ಕೋಣೆಗಳಿಗೆ ಹರಿದಾಗ ಹೃದಯ ಸಂಕುಚಿಸಿ ರಕ್ತವನ್ನು ನೂಕುತ್ತದೆ. ಮುಪ್ಪಿನಿಂದಲೋ ರೋಗದಿಂದಲೋ ಆ ಹಾದಿ ಕಡಿದುಹೋದರೆ ಕೆಳಗಿನ ಕೋಣೆಗಳು ನಿಮಿಷಕ್ಕೆ ಮೂವತ್ತು ನಲವತ್ತು ಸಲ ಮಾತ್ರ, ಒಲ್ಲದ ಮನಸ್ಸಿನಿಂದ ಎಂಬಂತೆ ಬಡಿಯುತ್ತವೆ. ರೋಗಿಗೆ ತಲೆ ಸುತ್ತುತ್ತದೆ, ನಿಂತಲ್ಲೇ ಕುಸಿಯುತ್ತಾನೆ. ವೈದ್ಯರು ಇದನ್ನು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ರಕ್ತನಾಳ ಕಟ್ಟಿಕೊಂಡದ್ದಕ್ಕೂ ನಮ್ಮ ಜನ ‘ಬ್ಲಾಕ್ ಆಗಿದೆ’ ಎಂದೇ ಹೇಳುವುದರಿಂದ ಗೊಂದಲವಾಗುತ್ತದೆ. ಅದು ಕೊಳಾಯಿಯ ತೊಂದರೆ. ಇದು ತಂತಿಯ ತೊಂದರೆ. ಪೇಸ್‌ಮೇಕರ್ ಬೇಕಾಗುವುದು ತಂತಿಯ ತೊಂದರೆಗೆ.

ಬ್ಯಾಟರಿಗೂ ದೇಹಕ್ಕೂ ಇರುವ ನಂಟು ಹೊಸದೇನಲ್ಲ. ಇಟಲಿಯ ಬೊಲೋನ್ಯದಲ್ಲಿ ಗ್ಯಾಲ್ವಾನಿ ಎಂಬ ಅಂಗರಚನಾ ಶಾಸ್ತ್ರಜ್ಞ ಎರಡು ಬೇರೆ ಬೇರೆ ಲೋಹಗಳನ್ನು ತಾಗಿಸಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಕಂಡ. ವಿದ್ಯುತ್ತು ಪ್ರಾಣಿಯ ದೇಹದಲ್ಲಿದೆ ಎಂದು 1791ರಲ್ಲಿ ಪ್ರಕಟಿಸಿದ. ವೋಲ್ಟ ಎಂಬ ಇನ್ನೊಬ್ಬ ಇಟಲಿಯವನು ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟಿದ್ದು ಎರಡು ಲೋಹಗಳ ನಡುವೆ, ಕಪ್ಪೆಯ ಕಾಲು ಅದನ್ನು ತೋರಿಸಿಕೊಟ್ಟಿತು, ಅಷ್ಟೆ ಎಂದ. ವಾದವನ್ನು ಗೆಲ್ಲುವುದಕ್ಕಾಗಿ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು ಅಡಕಿದ. 1800ರಲ್ಲಿ ಜಗತ್ತಿಗೆ ಮೊದಲ ಬ್ಯಾಟರಿ ಸಿಕ್ಕಿತು. ಇಬ್ಬರ ಮಾತೂ ಅರ್ಧರ್ಧ ನಿಜ. ಈ ಕಪ್ಪೆಯ ಕಾಲನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1952ರಲ್ಲಿ ಅಮೆರಿಕದ ಡಾಕ್ಟರ್ ಜೋಲ್ ಅವರು ಎದೆಯ ಮೇಲಿನಿಂದಲೇ ವಿದ್ಯುತ್ ಮಿಡಿತ ಕೊಟ್ಟು ಹೃದಯವನ್ನು ಬಡಿಸಿದರು. ಆ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕಾಗಿತ್ತು. ರೋಗಿಗೆ ನೋವು, ಚರ್ಮಕ್ಕೆ ಸುಟ್ಟಗಾಯ. ತಂತಿಯ ಉದ್ದ ಎಷ್ಟೋ ರೋಗಿಯ ಓಡಾಟ ಅಷ್ಟೆ. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್ ನಗರದಲ್ಲಿ ಕರೆಂಟು ಹೋಯಿತು. ಕರೆಂಟು ಹೋದರೆ ನಮ್ಮಲ್ಲಿ ಸೀಮೆಎಣ್ಣೆ ದೀಪ ಹುಡುಕುತ್ತಿದ್ದರು. ಅಲ್ಲಿ ಪ್ಲಗ್ಗನ್ನು ನಂಬಿದ್ದ ಮಕ್ಕಳ ಪ್ರಾಣಕ್ಕೇ ಬಂತು. ಶಸ್ತ್ರಚಿಕಿತ್ಸಕ ಲಿಲಹೈ ಅವರು ಅರ್ಲ್ ಬ್ಯಾಕನ್ ಎಂಬ ಇಂಜಿನಿಯರನನ್ನು ಕರೆದು ಬೇರೆ ಉಪಾಯ ಮಾಡಲು ಹೇಳಿದರು. ಬ್ಯಾಕನ್ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಬಂದಿದ್ದ ಒಂದು ಟ್ರಾನ್ಸಿಸ್ಟರ್ ಮಂಡಲವನ್ನು ಹುಡುಕಿದ. ಅದು ಸಂಗೀತ ಕಲಿಯುವವರಿಗೆ ಲಯ ಹಾಕುವ ಮೆಟ್ರೊನೋಮಿನದು. ನಾಲ್ಕೇ ವಾರದಲ್ಲಿ ಕೈಯಲ್ಲಿ ಹಿಡಿಯುವಂಥ, ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆ ಸಿದ್ಧವಾಯಿತು. ತಾಳ ಹಾಕುವ ಯಂತ್ರ ಹೃದಯಕ್ಕೆ ತಾಳ ಹಾಕತೊಡಗಿತು.

ಮರುವರ್ಷ, 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೇಸ್‌ಮೇಕರನ್ನು ಮೊದಲ ಬಾರಿಗೆ ದೇಹದ ಒಳಗೇ ಇಟ್ಟರು. ರೋಗಿಯ ಹೆಸರು ಆರ್ನೆ ಲಾರ್ಸನ್, ವಯಸ್ಸು 43. ದಿನಕ್ಕೆ ಹಲವು ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದ ಮನುಷ್ಯ. ವೈದ್ಯರಿಗೂ ಇಂಜಿನಿಯರಿಗೂ ಧೈರ್ಯವಿರಲಿಲ್ಲ. ಲಾರ್ಸನ್ನನ ಹೆಂಡತಿ ಎಲ್ಸೆ ಮರಿಯ ಬೆನ್ನುಬಿಡದೆ ಕಾಡಿ ಒಪ್ಪಿಸಿದಳು. ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಬಿಡಿಭಾಗಗಳನ್ನು ಬೂಟ್ ಪಾಲಿಷಿನ ಡಬ್ಬಿಯಲ್ಲಿಟ್ಟು ರಾಳ ಎರೆದು ಅಚ್ಚು ತೆಗೆದರು. ಸೆನಿಂಗ್ ಅದನ್ನು ರೋಗಿಯ ದೇಹದಲ್ಲಿ ಕೂರಿಸಿದರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಎರಡನೆಯದನ್ನು ಹಾಕಿದರು. ಜೀವಮಾನದಲ್ಲಿ ಲಾರ್ಸನ್ನನಿಗೆ 26 ಪೇಸ್‌ಮೇಕರುಗಳಾದವು. ಅವನು 86 ವರ್ಷ ಬದುಕಿ, ತನಗೆ ಚಿಕಿತ್ಸೆ ಮಾಡಿದ ಇಂಜಿನಿಯರನ್ನೂ ವೈದ್ಯರನ್ನೂ ದಾಟಿಕೊಂಡು, 2001ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ಇಪ್ಪತ್ತಾರು! ಈ ಅಂಕಿಯಲ್ಲಿಯೇ ಬ್ಯಾಟರಿಯ ಕಷ್ಟ ಅಡಗಿದೆ. ಮೊದಮೊದಲು ಬಳಸಿದ್ದು ಪಾದರಸ ಮತ್ತು ಸತುವಿನ ಸೆಲ್ಲು. ಅದು ಕೆಲಸ ಮಾಡುವಾಗ ಅನಿಲವನ್ನು ಬಿಡುತ್ತಿತ್ತು. ಅನಿಲಕ್ಕೆ ಹೊರದಾರಿ ಬೇಕಾದ್ದರಿಂದ ಪೆಟ್ಟಿಗೆಯನ್ನು ಪೂರ್ತಿಯಾಗಿ ಬೆಸೆಯುವಂತಿರಲಿಲ್ಲ. ಬೆಸೆಯದಿದ್ದರೆ ದೇಹದ ತೇವ ಒಳಗೆ ಜಿನುಗುತ್ತಿತ್ತು. ಅದೂ ಅಲ್ಲದೆ ಪಾದರಸದ ಸೆಲ್ಲು ಕೊನೆಯವರೆಗೂ ಒಂದೇ ಸಮನಾಗಿದ್ದು ಥಟ್ಟನೆ ಕುಸಿಯುವ ಜಾತಿ. ಎರಡು ವರ್ಷದ ಆಸುಪಾಸಿನಲ್ಲಿ ರೋಗಿ ಮತ್ತೆ ಆಪರೇಷನ್ ಮೇಜಿನ ಮೇಲೆ. ಕೆಲವರು ಪ್ಲುಟೋನಿಯಮ್‌ನ ಪರಮಾಣು ಬ್ಯಾಟರಿಯನ್ನೂ ಪ್ರಯೋಗಿಸಿದರು. 1970ರಲ್ಲಿ ಪ್ಯಾರಿಸ್ಸಿನಲ್ಲಿ ಅಂಥದೊಂದನ್ನು ರೋಗಿಗೆ ಅಳವಡಿಸಿದರು. ಅದು ರೋಗಿಗಿಂತ ಹೆಚ್ಚು ಕಾಲ ಬಾಳುತ್ತಿತ್ತು, ಸರಿಯೆ. ಆದರೆ ಪ್ಲುಟೋನಿಯಮ್ ಹೊತ್ತ ಮನುಷ್ಯ ಎಲ್ಲಿ ಹೋದ, ಎಲ್ಲಿ ಸತ್ತ ಎಂದು ಸರ್ಕಾರ ಬೆನ್ನುಹತ್ತಬೇಕಾಗಿತ್ತು. ಅದು ನಡೆಯುವ ಮಾತಲ್ಲ.

ಬಿಡುಗಡೆ ಬಂದದ್ದು ಲಿಥಿಯಮ್ಮಿನಿಂದ. ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಇಂಜಿನಿಯರ್ ಇದರ ಹಿಂದೆ ಬಿದ್ದು ಪಳಗಿಸಿದ. 1972ರಲ್ಲಿ ಇಟಲಿಯಲ್ಲಿ ಲಿಥಿಯಮ್–ಅಯೊಡೀನ್ ಸೆಲ್ಲಿನ ಪೇಸ್‌ಮೇಕರನ್ನು ಮೊದಲ ಸಲ ರೋಗಿಗೆ ಹಾಕಿದರು. ಈ ಸೆಲ್ಲಿನ ಸೊಗಸನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಕಡೆ ಲಿಥಿಯಮ್, ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆದುವಾದ ಲೋಹ. ಇನ್ನೊಂದು ಕಡೆ ಅಯೊಡೀನ್, ಗಾಯಕ್ಕೆ ಹಚ್ಚುವ ಟಿಂಕ್ಚರಿನಲ್ಲಿರುವುದೇ. ಇವೆರಡನ್ನೂ ತಾಗುವಂತೆ ಇಟ್ಟರೆ ಸಾಕು, ನಡುವೆ ಬೇರೆ ದ್ರವ ಬೇಡ. ತಾಗಿದ ಗಳಿಗೆಯಲ್ಲೆ ಎರಡೂ ಕೂಡಿ ಲಿಥಿಯಮ್ ಅಯೊಡೈಡ್ ಎಂಬ ಲವಣದ ತೆಳು ಪದರ ಹುಟ್ಟುತ್ತದೆ. ಈ ಪದರವೇ ಎರಡರ ನಡುವಿನ ಗೋಡೆ. ಲಿಥಿಯಮ್ಮಿನ ಅಯಾನುಗಳನ್ನು ದಾಟಿಸುವ ಸೇತುವೆಯೂ ಅದೇ. ಗೋಡೆ ಬಿರುಕು ಬಿಟ್ಟರೆ ಅಲ್ಲಿ ಮತ್ತೆ ಎರಡೂ ತಾಗಿ ಹೊಸ ಲವಣವಾಗಿ ಬಿರುಕು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಒಸರಲು ದ್ರವವಿಲ್ಲ, ಹೊರಬೀಳಲು ಅನಿಲವಿಲ್ಲ. ಆದ್ದರಿಂದ ಟೈಟೇನಿಯಮ್ ಕವಚದಲ್ಲಿಟ್ಟು ಗಾಳಿಯಾಡದಂತೆ ಬೆಸೆದುಬಿಡಬಹುದು. ಸೆಲ್ಲು ಸವೆದಂತೆ ಗೋಡೆ ದಪ್ಪವಾಗುತ್ತದೆ, ಪ್ರವಾಹಕ್ಕೆ ತಡೆ ಮೆಲ್ಲಮೆಲ್ಲನೆ ಏರುತ್ತದೆ. ವೈದ್ಯರು ತಪಾಸಣೆಯಲ್ಲಿ ಈ ಏರಿಕೆಯನ್ನು ಅಳೆದು, ಇನ್ನು ಬದಲಾಯಿಸುವ ಕಾಲ ಬಂತು ಎಂದು ತಿಂಗಳುಗಳ ಮೊದಲೇ ಹೇಳಬಲ್ಲರು. ಥಟ್ಟನೆ ಕೈಕೊಡುವ ಪಾದರಸದ ಸೆಲ್ಲಿಗೂ ಇದಕ್ಕೂ ಎಷ್ಟು ಅಂತರ, ನೋಡಿ!

ಇದರ ಮಿತವ್ಯಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎರಡು ಆಂಪಿಯರ್–ಗಂಟೆ ಸಾಮರ್ಥ್ಯದ ಸೆಲ್ಲು ಎಂದಿಟ್ಟುಕೊಳ್ಳಿ. ಆಂಪಿಯರಿನ ಹತ್ತರಲ್ಲಿ ಮೂರು ಪಾಲು ಎಳೆಯುವ ಟಾರ್ಚಿನ ಬಲ್ಬು ಅದನ್ನು ಏಳು ಗಂಟೆಯೊಳಗೆ ಬರಿದು ಮಾಡುತ್ತದೆ. ಪೇಸ್‌ಮೇಕರಿಗೆ ಬೇಕಾದ್ದು ಆಂಪಿಯರಿನ ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲು ಎಂದರೆ, ಅದೇ ಸೆಲ್ಲು ಒಂದು ಲಕ್ಷ ಗಂಟೆ, ಎಂದರೆ ಹನ್ನೊಂದು ವರ್ಷಕ್ಕೂ ಮೇಲೆ ನಡೆಯುತ್ತದೆ. ಅದಕ್ಕೆ ತಗಲುವ ಲಿಥಿಯಮ್ ಅರ್ಧ ಗ್ರಾಮಿನ ಆಸುಪಾಸು. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ 1,600 ಟನ್ ಲಿಥಿಯಮ್ ಇದೆಯೆಂದು ಅಣುಶಕ್ತಿ ಇಲಾಖೆಯ ಶೋಧಕರು ಅಂದಾಜು ಮಾಡಿದ ಸುದ್ದಿ 2023ರಲ್ಲಿ ಬಂದಾಗ ಎಲ್ಲರೂ ಕಾರು, ಸ್ಕೂಟರುಗಳ ಮಾತನ್ನೇ ಆಡಿದರು. ಹೃದಯದ ಅರ್ಧ ಗ್ರಾಮನ್ನು ಯಾರೂ ನೆನೆಯಲಿಲ್ಲ.

ಹಾಗಾದರೆ ಮೊಬೈಲಿನಂತೆ ಇದನ್ನೂ ಚಾರ್ಜ್ ಮಾಡಬಾರದೆ ಎಂದು ಕೇಳುವಿರಿ. ಮಾಡಿ ನೋಡಿದ್ದಾರೆ. ಲಾರ್ಸನ್ನನ ಮೊದಲ ಪೇಸ್‌ಮೇಕರೇ ಚಾರ್ಜ್ ಮಾಡುವಂಥದು. 1970ರ ದಶಕದಲ್ಲಿಯೂ ಅಂಥವು ಬಂದವು. ಆದರೆ ಚಾರ್ಜ್ ಮಾಡಲು ಮರೆತರೆ ಮೊಬೈಲು ಸುಮ್ಮನಾದಂತೆ ಹೃದಯ ಸುಮ್ಮನಾಗಬಾರದಲ್ಲ! ಹತ್ತು ವರ್ಷ ಮುಟ್ಟದೆ ನಡೆಯುವ ಸೆಲ್ಲು ಬಂದ ಮೇಲೆ ಆ ಜಂಜಾಟ ಯಾರಿಗೂ ಬೇಡವಾಯಿತು.

ಈಚಿನ ಸಂಗತಿಗೆ ಬರೋಣ. ಪೇಸ್‌ಮೇಕರಿನಲ್ಲಿ ಈಗ ದುರ್ಬಲವಾದ ಭಾಗ ಸೆಲ್ಲಲ್ಲ, ಸೆಲ್ಲಿನಿಂದ ಹೃದಯಕ್ಕೆ ಹೋಗುವ ತಂತಿ. ಅದು ಮುರಿಯಬಹುದು, ಸೋಂಕಿಗೆ ದಾರಿಯಾಗಬಹುದು. 2016ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟ ತಂತಿಯಿಲ್ಲದ ಪೇಸ್‌ಮೇಕರ್ ಎರಡೂವರೆ ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದ, ಎರಡು ಗ್ರಾಮಿಗಿಂತ ಕಡಮೆ ತೂಕ. ಅದನ್ನು ತೊಡೆಯ ರಕ್ತನಾಳದ ಮೂಲಕ ಒಯ್ದು ಹೃದಯದ ಒಳಗೋಡೆಗೇ ಸಿಕ್ಕಿಸುತ್ತಾರೆ.

2025ರ ಏಪ್ರಿಲಿನಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ರಾಜರ್ಸ್, ಎಫಿಮೊವ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇನ್ನೂ ಮುಂದೆ ಹೋಗಿದೆ. ಅವರ ಪೇಸ್‌ಮೇಕರ್ ಅಕ್ಕಿಕಾಳಿಗಿಂತ ಚಿಕ್ಕದು. ಮೂರೂವರೆ ಮಿಲಿಮೀಟರ್ ಉದ್ದ. ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು ಒಂದಕ್ಕೆ ಹೃದಯದಲ್ಲಿ ದೋಷವಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅಂಥ ಕೂಸಿಗೆ ಒಂದು ವಾರದಷ್ಟು ಕಾಲ ಮಾತ್ರ ಪೇಸ್‌ಮೇಕರಿನ ಆಸರೆ ಬೇಕಾಗಬಹುದು. ಆಮೇಲೆ ತಂತಿಯನ್ನು ಎಳೆದು ತೆಗೆಯುವಾಗ ಹೃದಯಕ್ಕೆ ಗಾಯವಾಗುವ ಭಯ ಉಂಟು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡದ್ದು ಇಂಥ ತಂತಿಗಳನ್ನು ತೆಗೆದಾಗ ಆದ ಒಳರಕ್ತಸ್ರಾವದಿಂದ. ಈ ಅಕ್ಕಿಕಾಳನ್ನು ತೆಗೆಯಬೇಕಾಗಿಯೇ ಇಲ್ಲ. ಕೆಲಸ ಮುಗಿದ ಮೇಲೆ ಅದು ದೇಹದಲ್ಲೆ ಕರಗಿಹೋಗುತ್ತದೆ. ಅದರಲ್ಲಿ ಸೆಲ್ಲು ಎಲ್ಲಿದೆ? ಎರಡು ಬಗೆಯ ಲೋಹದ ತುಣುಕುಗಳಿವೆ, ಸುತ್ತ ಮೈಯೊಳಗಿನ ಉಪ್ಪುದ್ರವವಿದೆ. ಮೂರೂ ಸೇರಿ ಸೆಲ್ಲಾಗುತ್ತದೆ. ಗ್ಯಾಲ್ವಾನಿಯ ಕಪ್ಪೆಯ ಕಾಲು ನೆನಪಾಯಿತೆ? ಎದೆಯ ಮೇಲೆ ಅಂಟಿಸಿದ ಪಟ್ಟಿಯೊಂದು ಬಡಿತ ತಪ್ಪಿದ್ದನ್ನು ಕಂಡರೆ ಚರ್ಮದ ಮೂಲಕ ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸಿ ಒಳಗಿನ ಸ್ವಿಚ್ಚನ್ನು ಒತ್ತುತ್ತದೆ. ಆದರೆ ಪ್ರಕಟವಾದ ಈ ಪ್ರಯೋಗಗಳು ನಡೆದದ್ದು ಪ್ರಾಣಿಗಳಲ್ಲಿ ಮತ್ತು ತೀರಿಕೊಂಡವರು ದಾನ ಕೊಟ್ಟ ಹೃದಯಗಳಲ್ಲಿ. ಪತ್ರಿಕೆಯಲ್ಲಿ ಓದಿದವರು ಕೂಡಲೆ ಆಸ್ಪತ್ರೆಗೆ ಹೋಗಿ ಇದನ್ನೇ ಕೇಳಿಯಾರು ಎಂದು ಇಷ್ಟು ಹೇಳಿದೆ.

ಇನ್ನು ಪೇಸ್‌ಮೇಕರ್ ಇರುವವರ ಮನೆಯವರಿಗೆ ಒಂದೆರಡು ಮಾತು. ರೇಡಿಯೊ ಕೇಳಲು ಅಡ್ಡಿಯಿಲ್ಲ. ಮೊಬೈಲನ್ನು ಪೇಸ್‌ಮೇಕರ್ ಇರುವ ಕಡೆಯ ಅಂಗಿಯ ಜೇಬಿನಲ್ಲಿಡಬಾರದು. ಒಂದು ಗೇಣು ದೂರವಿರಲಿ, ಮಾತಾಡುವಾಗ ಇನ್ನೊಂದು ಕಿವಿಗೆ ಹಿಡಿಯಲಿ. ಉಪಕರಣದ ವಿವರವಿರುವ ಕಾರ್ಡನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು ಹೇಳಲು ಹಿತವಾದದ್ದಲ್ಲ, ಆದರೂ ಹೇಳಬೇಕು. ದೇಹವನ್ನು ದಹನ ಮಾಡುವ ಪದ್ಧತಿಯವರು ನಮ್ಮಲ್ಲಿ ಹೆಚ್ಚು. ಭದ್ರವಾಗಿ ಬೆಸೆದ ಈ ಸೆಲ್ಲು ಬೆಂಕಿಯ ಕಾವಿಗೆ ಸಿಡಿಯುತ್ತದೆ. ಹೊರದೇಶದ ಚಿತಾಗಾರಗಳಲ್ಲಿ 1970ರ ದಶಕದಿಂದಲೂ ಇಂಥ ಸ್ಫೋಟಗಳು ವರದಿಯಾಗಿವೆ. ಚಿತೆಯ ಹತ್ತಿರ ನಿಂತ ಮಗನಿಗೋ ಚಿತಾಗಾರದ ಕೆಲಸಗಾರನಿಗೋ ಅಪಾಯವಾಗಬಾರದಷ್ಟೆ? ಆದ್ದರಿಂದ ದಹನಕ್ಕೆ ಮೊದಲು ಅದನ್ನು ತೆಗೆಸಬೇಕು. ದುಃಖದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಮೊದಲೇ ಮನೆಯಲ್ಲಿ ಒಬ್ಬರಿಗೆ ಗೊತ್ತಿರಬೇಕು.

ತೆಗೆದ ಪೇಸ್‌ಮೇಕರಿನಲ್ಲಿ ಎಷ್ಟೋ ವೇಳೆ ವರ್ಷಗಳ ಶಕ್ತಿ ಉಳಿದಿರುತ್ತದೆ. ಕೆನಡಾದಲ್ಲಿ ಹೀಗೆ ತೆಗೆದ ಹೃದಯ ಉಪಕರಣಗಳನ್ನು ಶುದ್ಧಿ ಮಾಡಿ ಮೆಕ್ಸಿಕೊ ಮೊದಲಾದ ದೇಶಗಳ 1,051 ಬಡ ರೋಗಿಗಳಿಗೆ ಹಾಕಿ, ಹೊಸದನ್ನು ಹಾಕಿಸಿಕೊಂಡ ಕೆನಡಾದ ರೋಗಿಗಳೊಡನೆ ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಎರಡು ವರ್ಷದೊಳಗೆ ಸೋಂಕು ಕಂಡದ್ದು ಮರುಬಳಕೆಯವರಲ್ಲಿ ನೂರಕ್ಕೆ 2, ಹೊಸದರವರಲ್ಲಿ ನೂರಕ್ಕೆ 1.2, ಈ ವ್ಯತ್ಯಾಸ ಗಣನೀಯವಲ್ಲವೆಂದು ಸಂಶೋಧಕರ ಅಭಿಪ್ರಾಯ. ಒಬ್ಬರ ಎದೆಯಲ್ಲಿ ಮುಗಿಯದೆ ಉಳಿದ ಸೆಲ್ಲು ಇನ್ನೊಬ್ಬರ ಎದೆಯಲ್ಲಿ ನಡೆಯುತ್ತಿದೆ.